ಇಳಿತದಲ್ಲಿ ಕಂಡ ಗೂಟ

ಜಲಜಾಕ್ಷಿ ಎಂಬ ದೋಣಿ ತಂಗಲು ಹೊಸ ಊರಿನ ದಕ್ಕೆಗೆ, ದೋಣಿ ಕಟ್ಟುವ ಕಟ್ಟೆಗೆ, ಬಂತು. ಹಿಂದಿನ ಊರಲ್ಲಿ ಬಂಡೆಗೆ ತಾಗಿ ಹಲಗೆ ಸೀಳಿಸಿಕೊಂಡವಳು. ಇನ್ನೊಂದು ಏಟು ಬಿದ್ದರೆ ಒಲೆಗೆ ಸೌದೆಯಾಗುವುದೇ ಗತಿ ಎಂದು ತೇಪೆ ಹಾಕಿದ ಆಚಾರಿ ಹೇಳಿ ಕಳಿಸಿದ್ದ.

ಕಡಲು ಉಕ್ಕುವ ಭರತದ ಹೊತ್ತು, ದಕ್ಕೆಯ ತುಂಬ ನೀರು. ಹಗ್ಗ ಕಟ್ಟುವ ಗೂಟಗಳಲ್ಲಿ ಎಲ್ಲರಿಗಿಂತ ಮುಂದಿನವನು ಬಣ್ಣ ಬಳಿದುಕೊಂಡು ಮದುಮಗನಂತೆ ನಿಂತಿದ್ದ. "ಬನ್ನಿ ಬನ್ನಿ, ನನ್ನ ಬುಡದಲ್ಲಿ ಆಳವೋ ಆಳ!" ಎಂದ. ಮೂಲೆಯ ಮುದಿಗೂಟ, "ನನ್ನಲ್ಲಿ ಬರೀ ಕೆಸರು ತಾಯಿ" ಎಂದ.

ಜಲಜಾಕ್ಷಿ ಮುಂದಕ್ಕೆ ತಿರುಗುವಷ್ಟರಲ್ಲಿ ಏಡಿ ಕುಪ್ಪಕ್ಕ ಅಡ್ಡಡ್ಡ ಓಡಿ ಬಂದಳು. "ಹಬ್ಬದ ದಿನ ಗಂಡು ನೋಡಿದರೆ ಎಲ್ಲರೂ ಜರಿಪಂಚೆಯವರೇ ಮಾರಾಯ್ತಿ! ನೀರಿಳಿಯಲಿ, ಆಮೇಲೆ ನೋಡು."

ಜಲಜಾಕ್ಷಿ ದೂರದಲ್ಲೇ ಕಾದಳು. ನೀರು ಇಳಿಯಿತು. ಬಣ್ಣದವನ ಬುಡದಲ್ಲಿ ಬಂಡೆಯೊಂದು ಹಲ್ಲು ಕಿರಿಯಿತು, ಸಂದಿಯಲ್ಲಿ ಮುರಿದ ಹಲಗೆ ಬೇರೆ.

"ಅದು ಇವನನ್ನು ನಂಬಿ ಬಂದ ಮೊದಲನೆಯವಳದ್ದು" ಎಂದು ಏಡಿ ಬಾಯಿ ಚಪ್ಪರಿಸಿದಳು.

ಮತ್ತೆ ನೀರೇರಿದಾಗ ಜಲಜಾಕ್ಷಿ ಮುದಿಗೂಟಕ್ಕೆ ಹಗ್ಗ ಸುತ್ತಿಕೊಂಡಳು. ಇಳಿತಕ್ಕೆ ಕೆಸರು ಅವಳನ್ನು ಬಾಣಂತಿಯಂತೆ ಮೆತ್ತಗೆ ಕೂರಿಸಿಕೊಂಡಿತು, ಹಲಗೆ ಕಿರ್ರೆನ್ನಲಿಲ್ಲ.

ಮರುದಿನ ಇನ್ನೊಂದು ದೋಣಿ ಬಣ್ಣದವನತ್ತ ಹೊರಟಿತು. ಏಡಿ ಬಾಯಿ ತೆರೆಯುವ ಮೊದಲೇ ಜಲಜಾಕ್ಷಿ ಕೂಗಿದಳು: "ನೀರಿಳಿದ ಮೇಲೆ ಅವನ ಬುಡ ನೋಡೇ ತಂಗಿ! ಇಲ್ಲಿ ಕೆಸರುಂಟು, ನಿನಗೂ ಜಾಗ ಉಂಟು."