ಅತ್ತವರ ಹೆಸರು

ಅಥೆನ್ಸಿನ ಊರಬಾಗಿಲ ಆಚೆ, ದಾರಿ ಬದಿಯಲ್ಲಿ ಸಮಾಧಿಗಳಿದ್ದವು. ಶ್ರೀಮಂತ ಕ್ಲಿಯೊಮೆಡಾನ್ ಬದುಕಿರುವಾಗಲೇ ತನಗೊಂದು ಜಾಗ ಆರಿಸಿದ. ಅಲ್ಲಿ ಅವನನ್ನು ಸಾಕಿದ ದಾಸಿಯ ಕಲ್ಲಿತ್ತು.

“ಅದನ್ನು ಕಿತ್ತು ನನ್ನ ಕಲ್ಲು ನಿಲ್ಲಿಸು. ಶೂರ, ಜ್ಞಾನಿ ಅಂತ ಕೆತ್ತು. ಆಗದಿದ್ದರೆ ಊರು ಬಿಡು,” ಎಂದ ಕಲ್ಲುಕುಟಿಗನಿಗೆ.

ಕಲ್ಲುಕುಟಿಗ ಹಳೆಯ ಕಲ್ಲಿನ ಪಕ್ಕದಲ್ಲೇ ಕೂತು ಹೊಸದನ್ನು ಕೆತ್ತಿದ. ಆಮೇಲೆ ಕ್ಲಿಯೊಮೆಡಾನನನ್ನು ಕರೆಸಿದ.

“ಒಡೆಯಾ, ಶೂರ, ಜ್ಞಾನಿ ಎರಡೂ ಕೆತ್ತಿದ್ದೇನೆ. ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ನಮ್ಮ ಪದ್ಧತಿಯಂತೆ ಕೊನೆಯ ಸಾಲಿನಲ್ಲಿ, ಸತ್ತವರಿಗಾಗಿ ಅತ್ತವರ ಹೆಸರಿರಬೇಕು. ನಿಮಗಾಗಿ ಅಳುವವರು ಅಂತ ಯಾರ ಹೆಸರು ಹಾಕಲಿ?”

ಕ್ಲಿಯೊಮೆಡಾನ್ ಹೆಂಡತಿಯನ್ನು ನೆನೆದ, ಮಕ್ಕಳನ್ನು ನೆನೆದ. ಅವರಲ್ಲಿ ಯಾರೂ ಅಳುತ್ತಾರೆಂದು ಅನಿಸಲಿಲ್ಲ. ಕಣ್ಣು ದಾಸಿಯ ಕಲ್ಲಿನ ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಅವನದೇ ಹೆಸರಿತ್ತು.

“ಇದನ್ನು ಕೀಳಬೇಡ,” ಎಂದ. “ನನ್ನದರಲ್ಲಿ ಆ ಸಾಲು ಖಾಲಿ ಬಿಡು.”