ಅಂಟಿಲ್ಲದ ಬಲೆ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ! ಕಂಪ್ಯೂಟರ್ ಕಾಲೇಜು ಸೇರಿದ ಜೇಡವೊಂದಕ್ಕೆ, ಕೋಡ್ ಬರೆಯದೆ ಸಿದ್ಧ ತುಂಡುಗಳನ್ನು ಎಳೆದು ಜೋಡಿಸುವ ಸಾಧನ ಸಿಕ್ಕಿತು. ಬೆಳಗಿನಿಂದ ಹಸಿದಿದ್ದ ಜೇಡ ಚಿಟಿಕೆ ಹೊಡೆಯುವಷ್ಟರಲ್ಲಿ ಥಳಥಳ ಹೊಳೆಯುವ ಬಲೆ ಜೋಡಿಸಿತು.

"ಇನ್ನೂ ನೂಲುತ್ತಲೇ ಇದ್ದೀಯಾ ಅಜ್ಜಿ? ನಾನಾಗಲೇ ಎಂಜಿನಿಯರ್!" ಎಂದು ಪಕ್ಕದ ಮೂಲೆಯಲ್ಲಿ ಬಲೆ ನೇಯುತ್ತಿದ್ದ ಅಜ್ಜಿ ಜೇಡದೆದುರು ಬೀಗಿತು.

ಅಷ್ಟರಲ್ಲಿ ನೊಣವೊಂದು ಬಂದು ಆ ಬಲೆಯ ಮೇಲೆ ಆರಾಮಾಗಿ ಅಡ್ಡಾಡಿತು. "ಭಾರೀ ಚೆನ್ನಾಗಿದೆ ಎಂಜಿನಿಯರ್ ಸಾಹೇಬರೇ. ಅಂಟೆಲ್ಲಿ?"

"ಅಂಟಿನ ತುಂಡು... ಆ ಸಾಧನದಲ್ಲಿ ಇರಲಿಲ್ಲ," ಎಂದು ಜೇಡ ತಡವರಿಸಿತು.

"ನಿಮ್ಮ ಹೊಟ್ಟೆಯಲ್ಲೇ ಇತ್ತಲ್ಲ ಸ್ವಾಮಿ!" ಎಂದು ನೊಣ ಹಾರಿಹೋಯಿತು.

ಜೇಡ ಹೊಟ್ಟೆ ಮುಟ್ಟಿ ನೋಡಿಕೊಂಡಿತು. ಅಲ್ಲಿ ಹಸಿವು ಬಿಟ್ಟರೆ ಬೇರೇನೂ ಸಿಗಲಿಲ್ಲ.

ಸಣ್ಣದೊಂದು ಸಂಗತಿ ಮಾತ್ರ ನಾನೇ ಸೇರಿಸಿದ್ದು: ಆ ವಿದ್ಯಾರ್ಥಿಗೆ ಎಂಟು ಕಾಲಿರಲಿಲ್ಲ, ಎರಡೇ.