ಬಿರುಕು ಬಿಟ್ಟ ಹಂಚು

ಹೊಳೆ ದಂಡೆಯ ಹಂಚಿನ ಕಾರ್ಖಾನೆಯಲ್ಲಿ ಗುಲಾಬಕ್ಕ ಭಟ್ಟಿಯಿಂದ ಬಂದ ಒಂದೊಂದೇ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ಠಣ್ ಎಂದದ್ದು ಮನೆಯ ಮಾಡಿಗೆ. ಡಬ್ ಎಂದದ್ದು ಗಿರಣಿಗೆ, ಅಲ್ಲಿ ಪುಡಿಯಾಗಿ ಮತ್ತೆ ಹೊಸ ಜೇಡಿಮಣ್ಣಿಗೆ. ಸಾಲಿನಲ್ಲಿದ್ದ ಹಂಚೊಂದಕ್ಕೆ ತನ್ನ ಬೆನ್ನಿನ ಕೂದಲೆಳೆಯಷ್ಟು ಬಿರುಕು ಗೊತ್ತಿತ್ತು. ಮಾಡು ಏರುವ ಆಸೆ ಮಾತ್ರ ಬೆಟ್ಟದಷ್ಟಿತ್ತು.

"ನನಗೆ ಒತ್ತಿಕೊಂಡು ನಿಲ್ಲು ಮಾರಾಯ್ತಿ," ಎಂದಿತು ಪಕ್ಕದ ಗಟ್ಟಿ ಹಂಚು. "ಇಬ್ಬರ ಪಾಲಿಗೂ ನಾನೇ ಠಣ್ ಎನ್ನುತ್ತೇನೆ."

"ಗುಲಾಬಕ್ಕನಿಗೆ ಮೋಸ ಮಾಡಬಹುದು ಅಕ್ಕಾ, ಆಟಿ ತಿಂಗಳ ಜಡಿಮಳೆಗೆ ಮಾಡಲಿಕ್ಕುಂಟಾ? ನನ್ನ ಕೆಳಗೆ ಯಾರೋ ಕೂಸನ್ನು ಮಲಗಿಸಿರುತ್ತಾರೆ."

ಬಿರುಕಿನ ಹಂಚು ದೂರ ಸರಿದು ನಿಂತಿತು. ಬೆರಳು ಬಿದ್ದಾಗ ನಾಚದೆ ಡಬ್ ಎಂದಿತು. ಗಿರಣಿಯ ಬಾಯಿಗೆ ಬಂದಾಗ ಅದನ್ನೇ ಗದರಿತು: "ನುಣ್ಣಗೆ ಅರೆಯಪ್ಪಾ, ನಾನು ಇನ್ನೊಮ್ಮೆ ಭಟ್ಟಿಗೆ ಹೋಗುವವಳು!"